ಫ್ಯೂಜು ಹೋದ ಕಥೆ

ನಮ್ಮ ಜಿಲ್ಲೆಯಲ್ಲಿ ಮಾವಿನಕುರ್ವೆ ಎಂಬ ಹೆಸರಿನ ಊರು ಒಂದೇ ಅಲ್ಲ. ಹೊನ್ನಾವರದ ಬಳಿ, ಶರಾವತಿಯ ನೀರಿನ ನಡುವೆ ತೆಂಗಿನ ತೋಟಗಳನ್ನು ಹೊತ್ತು ನಿಂತಿರುವುದು ಒಂದು. ಭಟ್ಕಳದಲ್ಲಿ ಮೀನುದೋಣಿಗಳು ಬಂದು ತಂಗುವ ಬಂದರಿನದು ಇನ್ನೊಂದು. ಕುರ್ವೆ ಎಂದರೆ ನಮ್ಮಲ್ಲಿ ಹೊಳೆಯ ನಡುಗಡ್ಡೆ. ಕುಮಟೆಯ ಕಡೆ ಹೋದರೆ ಅಘನಾಶಿನಿಯ ದಡದಲ್ಲಿ ಐಗಳಕುರ್ವೆಯೂ ಸಿಗುತ್ತದೆ. ನಾನು ಹುಟ್ಟಿ ಬೆಳೆದದ್ದು ಮೊದಲನೆಯ ಮಾವಿನಕುರ್ವೆಯಲ್ಲಿ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳುತ್ತ ಬಹುಕಾಲ ಕಳೆದದ್ದು ಎರಡನೆಯದರ ಸಮೀಪದಲ್ಲಿ. ಈ ಎರಡು ಊರುಗಳಲ್ಲಿಯೂ ನಾನು ಅತ್ಯಂತ ಹೆಚ್ಚು ಸಲ ಕೇಳಿದ ಮಾತು ಯಾವುದೆಂದು ಯಾರಾದರೂ ಕೇಳಿದರೆ, 'ಫ್ಯೂಜು ಹೋಯಿತು' ಎಂಬುದೇ ಎಂದು ಹೇಳಬೇಕಾದೀತು. ಈಗಿನವರು 'ಟ್ರಿಪ್ಪಾಯಿತು' ಎನ್ನುತ್ತಾರೆ. ಮಾತು ಬದಲಾಗಿದೆ, ಆ ಮಾತಿನ ಹಿಂದಿರುವ ಬೇಸರ ಬದಲಾಗಿಲ್ಲ. ಆ ಬೇಸರಕ್ಕೊಂದು ಚರಿತ್ರೆಯಿದೆ. ಅದನ್ನು ಹೇಳುವುದಕ್ಕೆ ವಿದ್ಯುತ್ ಎಂಜಿನಿಯರನೇ ಆಗಬೇಕಾಗಿಲ್ಲ ಎಂಬ ಧೈರ್ಯದಿಂದ ಹೊರಟಿದ್ದೇನೆ.

ನಮ್ಮ ಮನೆಗೆ ವಿದ್ಯುತ್ತು ಬಂದದ್ದು 1960ರ ದಶಕದ ಕೊನೆಯಲ್ಲಿ, ನಾನು ಇನ್ನೂ ಶಾಲೆಗೆ ಹೋಗುತ್ತಿದ್ದಾಗ. ಜಂಬಿಟ್ಟಿಗೆಯ ಗೋಡೆಗೆ ಮರದ ಹಲಗೆ ಬಡಿದು, ಅದರ ಮೇಲೆ ಎರಡು ಪಿಂಗಾಣಿಯ ಬಿಳಿ ಡಬ್ಬಿಗಳನ್ನು ಕೂರಿಸಿ, ತಂತಿ ಎಳೆದು ಹೋದರು. ಆ ಬಿಳಿ ಡಬ್ಬಿಯೊಳಗೆ ಏನಿದೆಯೆಂಬುದು ನಮಗೆ ದೇವರ ಸಂಪುಟದೊಳಗೆ ಏನಿದೆಯೆಂಬಷ್ಟೇ ಗುಟ್ಟಿನ ಸಂಗತಿಯಾಗಿತ್ತು. ಒಂದು ದಿನ ದೀಪ ಆರಿದಾಗ ಅಪ್ಪ ಅದನ್ನು ಕಿತ್ತು ನೋಡಿದರು. ಕೂದಲೆಳೆಯಂಥ ಒಂದು ತಂತಿ ನಡುವೆ ಕರಗಿ, ಎರಡು ತುದಿಗಳಲ್ಲಿ ಎರಡು ಕಪ್ಪು ಮಣಿಗಳಾಗಿ ನಿಂತಿತ್ತು. 'ಇಷ್ಟೇಯೋ!' ಎಂದರು ಅಪ್ಪ. ಅವರ ದನಿಯಲ್ಲಿ ನಿರಾಶೆಯೇ ಹೆಚ್ಚಾಗಿತ್ತು.

ಅವರ ನಿರಾಶೆಗೆ ಕಾರಣವಿಲ್ಲದಿರಲಿಲ್ಲ. ನಮ್ಮ ಅಂಗಳದ ಪಕ್ಕದಲ್ಲಿ ಹರಿಯುತ್ತಿದ್ದ ನೀರು ಸಾಮಾನ್ಯ ನೀರಲ್ಲ. 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರ ಆರಂಭವಾಯಿತು. ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಎದ್ದಿತು. ಅದಕ್ಕೆ ಮೊದಲು ಇದ್ದ ಹಿರೇಭಾಸ್ಕರದ ಕಟ್ಟೆಯನ್ನು ಅದು ತನ್ನ ಹಿನ್ನೀರಿನಲ್ಲಿ ಮುಳುಗಿಸಿಕೊಂಡಿತು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ ಇಂದು 1035 ಮೆಗಾವ್ಯಾಟ್. ಹೊಸ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿಯೂ 240 ಮೆಗಾವ್ಯಾಟಿನ ವಿದ್ಯುದಾಗಾರವಾಯಿತು. ಅಂದರೆ ಘಟ್ಟದ ಮೇಲಿನ ನೀರು ಒಂದಕ್ಕಿಂತ ಹೆಚ್ಚು ಸಲ ದುಡಿದು, ದಣಿದು, ಕೊನೆಗೆ ನಮ್ಮ ಕುರ್ವೆಯನ್ನು ಬಳಸಿಕೊಂಡು ಸಮುದ್ರಕ್ಕೆ ಸೇರುತ್ತದೆ. ಹೀಗೆ ನಾಡಿಗೆಲ್ಲ ಬೆಳಕು ಕೊಟ್ಟು ಬಂದ ನೀರು ಬಾಗಿಲ ಮುಂದೆಯೇ ಹರಿಯುತ್ತಿರುವಾಗ, ಮನೆಯ ಬೆಳಕು ಒಂದು ಕೂದಲೆಳೆಗೆ ಜೋತುಬಿದ್ದಿದೆ ಎಂದರೆ ಯಾರಿಗಾದರೂ ವಿಚಿತ್ರವೆನಿಸದೇ?

ಆ ಕೂದಲೆಳೆಯ ವಂಶವೃಕ್ಷ ಹಳೆಯದು. ವಿದ್ಯುದ್ದೀಪ ಹುಟ್ಟುವ ಮೊದಲೇ ಅದು ಹುಟ್ಟಿತ್ತು. 1847ರಲ್ಲಿ ಬ್ರೆಗೆ ಎಂಬ ಫ್ರೆಂಚ್ ಗಡಿಯಾರಗಾರ, ತಂತಿ ಕಚೇರಿಗಳಿಗೆ ಸಿಡಿಲಿನಿಂದ ಆಗುತ್ತಿದ್ದ ಹಾನಿಯನ್ನು ತಪ್ಪಿಸುವುದಕ್ಕಾಗಿ, ದಪ್ಪ ತಂತಿಯ ನಡುವೆ ಒಂದು ತುಂಡು ತೆಳು ತಂತಿಯನ್ನು ಸೇರಿಸುವ ಸಲಹೆ ಕೊಟ್ಟ. ಸಿಡಿಲು ಬಂದರೆ ತೆಳುತಂತಿ ಸುಟ್ಟುಹೋಗಲಿ, ಉಪಕರಣ ಉಳಿಯಲಿ ಎಂಬುದು ಅವನ ಲೆಕ್ಕ. ಆಮೇಲೆ ಬಂದವನು ಎಡಿಸನ್. ತನ್ನ ದೀಪ ವ್ಯವಸ್ಥೆಗೆ ಬೇಕಾದ ಇಂಥದೇ ರಕ್ಷಕ ತಂತಿಗೆ ಅವನು 1880ರಲ್ಲಿ ಪೇಟೆಂಟು ಪಡೆದ; 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಿಂದ ಮನೆಗಳಿಗೆ ವಿದ್ಯುತ್ತನ್ನು ಮಾರತೊಡಗಿದ. ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಬ್ರೆಗೆ ಕಾಪಾಡಲು ಹೊರಟದ್ದು ತಂತಿ ಕಚೇರಿಯ ಯಂತ್ರವನ್ನು. ಎಡಿಸನ್ ಕಾಪಾಡಲು ಹೊರಟದ್ದು ತನ್ನ ತಂತಿಗಳನ್ನು, ದೀಪಗಳನ್ನು ಮತ್ತು ಅವು ಹೊಕ್ಕ ಮನೆಗಳನ್ನು. ಆ ಮನೆಯೊಳಗೆ ನಿಂತು ತಂತಿ ಮುಟ್ಟುವ ಮನುಷ್ಯ ಇವರಿಬ್ಬರ ಲೆಕ್ಕದಲ್ಲಿ ನೇರವಾಗಿ ಇರಲಿಲ್ಲ. ಅವನು ಲೆಕ್ಕಕ್ಕೆ ಬರುವುದಕ್ಕೆ ಇನ್ನೂ ಮುಕ್ಕಾಲು ಶತಮಾನ ಹಿಡಿಯಿತು. ನಾನು ಹೇಳಲು ಹೊರಟಿರುವ ಚರಿತ್ರೆಯೆಲ್ಲ ಈ ಮುಕ್ಕಾಲು ಶತಮಾನದ್ದು.

ನಮ್ಮ ನಾಡಿನಲ್ಲಿಯೂ ವಿದ್ಯುತ್ತು ಮೊದಲು ಬಂದದ್ದು ಮನುಷ್ಯರ ಮನೆಗಲ್ಲ, ಚಿನ್ನದ ಗಣಿಗೆ. 1902ರ ಜೂನ್ ತಿಂಗಳ ಕೊನೆಗೆ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಗಣಿಗಾರಿಕೆಯೂ ವಿದ್ಯುತ್ತೂ ಹೀಗೆ ಒಂದೇ ಹೊಸ್ತಿಲಿನಿಂದ ನಮ್ಮ ಚರಿತ್ರೆಯೊಳಗೆ ಕಾಲಿಟ್ಟವು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಿ; ಚಿನ್ನದ ಗಣಿಯೊಂದು ಈ ಕಥೆಯೊಳಗೆ ಮತ್ತೆ ಬರಲಿದೆ.

ಫ್ಯೂಜಿನ ಗುಣ ಸರಳವಾದದ್ದು. ತನಗೆ ಹೇಳಿದ ಮಿತಿಗಿಂತ ಹೆಚ್ಚಿನ ಪ್ರವಾಹ ಬಂದರೆ ಅದು ಸಾಯುತ್ತದೆ. ಅದರ ದೋಷ ಅದರೊಳಗಿಲ್ಲ, ಅದನ್ನು ಮತ್ತೆ ಕಟ್ಟುವ ಕೈಯಲ್ಲಿದೆ. ಐದು ಆಂಪಿಯರಿಗೆ ಕರಗಬೇಕಾದ ತಂತಿಯ ಜಾಗದಲ್ಲಿ ಹದಿನೈದಕ್ಕೂ ಕರಗದ ತಂತಿಯನ್ನು ಸುತ್ತಿದರೆ ಅದು ಬೇಡವೆನ್ನುವುದಿಲ್ಲ. ನಮ್ಮೂರಿನ ಬಯಲಾಟವೊಂದು ನನಗೆ ನೆನಪಾಗುತ್ತದೆ. ಗ್ಯಾಸ್‌ಲೈಟಿನ ಕಾಲ ಮುಗಿದು ವಿದ್ಯುದ್ದೀಪದ ಕಾಲ ಹೊಸತಾಗಿ ಬಂದಿತ್ತು. ರಂಗಸ್ಥಳದ ದೀಪಗಳು, ಚಹದಂಗಡಿಯ ದೀಪಗಳು, ಧ್ವನಿವರ್ಧಕ ಎಲ್ಲಕ್ಕೂ ಪಕ್ಕದ ಮನೆಯಿಂದಲೇ ತಂತಿ ಎಳೆದಿದ್ದರು. ರಾಕ್ಷಸ ವೇಷ ತೆರೆಯ ಹಿಂದಿನಿಂದ ಅಬ್ಬರಿಸಿ ಹೊರಗೆ ಬಂದದ್ದೂ ದೀಪಗಳೆಲ್ಲ ಆರಿದ್ದೂ ಒಂದೇ ಕ್ಷಣ. ಮಕ್ಕಳಾದ ನಾವು ಅದು ವೇಷದ ಪ್ರತಾಪವೆಂದೇ ನಂಬಿದೆವು. ಎರಡನೆಯ ಸಲ ಆರಿದಾಗ ಯಾರೋ ಜಾಣರು ಫ್ಯೂಜಿಗೆ ತಾಮ್ರದ ತಂತಿಯನ್ನು ಮೂರು ಎಳೆ ಸುತ್ತಿದರು. ಬೆಳಗಿನವರೆಗೆ ದೀಪ ಆರಲಿಲ್ಲ. ಆ ಮನೆಯ ಜಂತಿಗೆ ಹೊಡೆದಿದ್ದ ತಂತಿಯ ಹೊದಿಕೆ ಮಾತ್ರ ಕರಗಿ ಗೋಡೆಯ ಮೇಲೆ ಕಪ್ಪು ಗೆರೆ ಬಿದ್ದದ್ದನ್ನು ಮರುದಿನ ನೋಡಿದೆವು. ಸುತ್ತಿದವರನ್ನು ಊರು ಹೊಗಳಿತು.

ಇಂಥ ಜಾಣತನಕ್ಕೆ ಬಡತನವೂ ಕಾರಣ. 1979-80ರ ಸುಮಾರಿಗೆ ಆರಂಭವಾದ ಭಾಗ್ಯಜ್ಯೋತಿ ಯೋಜನೆ ಬಡವರ ಗುಡಿಸಲಿಗೆ ಒಂದು ದೀಪ ಕೊಟ್ಟಿತು. ಒಂದು ದೀಪಕ್ಕೆ ಬೇಕಾದಷ್ಟೇ ತಂತಿ ಅಲ್ಲಿತ್ತು. ಆ ತಂತಿಗೆ ಮುಂದೆ ಪಂಖ ಸೇರಿತು, ಮಿಕ್ಸರ್ ಸೇರಿತು, ಟಿ.ವಿ. ಸೇರಿತು. ದೀಪ ಬಂದದ್ದು ತಪ್ಪಲ್ಲ, ಟಿ.ವಿ. ಬಂದದ್ದೂ ತಪ್ಪಲ್ಲ, ತಂತಿ ಮಾತ್ರ ಮೊದಲಿನದೇ ಉಳಿಯಿತು.

ಮರಳಿ ಕಟ್ಟುವ ಕೈಯನ್ನೇ ಈ ಆಟದಿಂದ ಹೊರಗಿಡಬೇಕೆಂದು ಯೋಚಿಸಿದವನು ಜರ್ಮನಿಯ ಹ್ಯೂಗೋ ಸ್ಟಾಟ್ಸ್. ಬ್ರೌನ್ ಬೊವೇರಿ ಕಂಪನಿಗೆ 1924ರಲ್ಲಿ ದೊರೆತ ಪೇಟೆಂಟಿನಲ್ಲಿ ಇಂದು ನಮ್ಮೆಲ್ಲರ ಮನೆಗಳ ಗೋಡೆಯಲ್ಲಿರುವ ಪುಟ್ಟ ಬ್ರೇಕರಿನ ಮೂಲರೂಪವಿದೆ. ಅದರೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ನಿಧಾನಿ, ಇನ್ನೊಬ್ಬ ಮುಂಗೋಪಿ. ನಿಧಾನಿಯೆಂದರೆ ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ. ಕಾವೇರಿದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಬಾಗಿ ಬಾಗಿ ಕೊಂಡಿಯನ್ನು ತಪ್ಪಿಸುತ್ತದೆ. ಮುಂಗೋಪಿಯೆಂದರೆ ತಂತಿಯ ಸುರುಳಿ. ಎರಡು ತಂತಿಗಳು ನೇರವಾಗಿ ತಾಗಿ ಪ್ರವಾಹ ಒಮ್ಮೆಲೇ ಅನೇಕ ಪಟ್ಟು ಏರಿದರೆ, ಅದು ಅಯಸ್ಕಾಂತವಾಗಿ ಕೊಂಡಿಯನ್ನು ಕ್ಷಣಾರ್ಧದಲ್ಲಿ ಸೆಳೆದು ಬಿಡುತ್ತದೆ.

ಕಡಲ ದಂಡೆಯವನಾದ ನನಗೆ ಈ ಲೋಹದ ಪಟ್ಟಿಯ ಮೇಲೆ ವಿಶೇಷ ಮಮತೆ. ಏಕೆಂದರೆ ಅದು ಹುಟ್ಟಿದ್ದೇ ಕಡಲಿಗಾಗಿ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಬಡಗಿ, ನಡುಗಡಲಿನಲ್ಲಿ ಹಡಗು ಎಲ್ಲಿದೆಯೆಂದು ತಿಳಿಯಬೇಕಾದರೆ ತಪ್ಪದ ಗಡಿಯಾರ ಬೇಕೆಂದು ಹಠ ಹಿಡಿದು ಕುಳಿತ. ಸೆಕೆಗೂ ಚಳಿಗೂ ಗಡಿಯಾರದ ಗತಿ ಏರುಪೇರಾಗದಂತೆ ತನ್ನ ಮೂರನೆಯ ಕಡಲ ಗಡಿಯಾರದಲ್ಲಿ ಹಿತ್ತಾಳೆಯನ್ನೂ ಉಕ್ಕನ್ನೂ ಜೋಡಿಸಿದ ಪಟ್ಟಿಯನ್ನು ಬಳಸಿದ. ಆ ಗಡಿಯಾರಕ್ಕೆ ಅವನು ಸುಮಾರು ಹತ್ತೊಂಬತ್ತು ವರ್ಷ ತೆತ್ತ. ಕಡಲಿನಲ್ಲಿ ದಾರಿ ತಪ್ಪಬಾರದೆಂದು ಹುಟ್ಟಿದ ಆ ಪಟ್ಟಿಯೇ ಈಗ ನಮ್ಮ ಅಡುಗೆಮನೆಯ ಗೋಡೆಯೊಳಗೆ ಬಾಗುತ್ತಲೂ ನೆಟ್ಟಗಾಗುತ್ತಲೂ ಕುಳಿತಿದೆ.

ಈ ನಿಧಾನಿಯ ಸ್ವಭಾವವನ್ನು ತಿಳಿದರೆ ಮನೆಯ ಬ್ರೇಕರು ಬೀಳುವ ಅರ್ಧ ಪಾಲು ಕಾರಣಗಳು ತಿಳಿದಂತೆಯೇ. ಹದಿನಾರು ಆಂಪಿಯರಿನ ಬ್ರೇಕರು ಹದಿನೇಳು ಆಂಪಿಯರಿಗೆ ಬೀಳುವುದಿಲ್ಲ. ಮಿತಿಯ 1.13 ಪಟ್ಟನ್ನು ಅದು ಒಂದು ಗಂಟೆಯವರೆಗೂ ಸಹಿಸಬೇಕು, 1.45 ಪಟ್ಟಿಗೆ ಏರಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ಅದಕ್ಕೆ ಹಾಕಿಕೊಟ್ಟ ನಿಯಮ. ಆದುದರಿಂದಲೇ ಬಚ್ಚಲ ಗೀಸರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಒಂದೇ ದಾರಿಯಲ್ಲಿ ಹಾಕಿದವರ ಮನೆಯಲ್ಲಿ ಅದು ತಕ್ಷಣ ಬೀಳದೆ, ಎಲ್ಲರೂ ನೆಮ್ಮದಿಯಾಗಿ ಕುಳಿತ ಮೇಲೆ ಬೀಳುತ್ತದೆ. ಇನ್ನು ಆ ಲೆಕ್ಕವನ್ನು ಹಾಕಿದ್ದು 30 ಡಿಗ್ರಿ ಶಾಖಕ್ಕೆ. ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ, ಬಿಸಿಲು ಬಡಿಯುವ ತಗಡಿನ ಪೆಟ್ಟಿಗೆಯೊಳಗೆ, ಪಟ್ಟಿ ಮೊದಲೇ ಅರ್ಧ ಬಾಗಿರುತ್ತದೆ. ಅಲ್ಲಿ ಹದಿನಾರು ಎಂದು ಬರೆದದ್ದು ಹದಿನಾರಲ್ಲ. ತಿರುಪು ಸಡಿಲವಾಗಿದ್ದರೂ ಆ ಸಂದಿಯ ಕಾವು ಪಟ್ಟಿಗೆ ತಗಲಿ, ಮನೆಯಲ್ಲಿ ಒಂದೇ ದೀಪವಿದ್ದಾಗಲೂ ಬ್ರೇಕರು ಬಿದ್ದುದುಂಟು. ತೋಟದ ಪಂಪಿನ ಸಂಗತಿ ಇನ್ನೂ ವಿಲಕ್ಷಣ. ಸಂಜೆ ವೋಲ್ಟೇಜು ಇಳಿದಾಗ ದೀಪ ಮಂದವಾಗುತ್ತದೆ. ಪಂಪು ಹಾಗೆ ಮಂದವಾಗಲು ಒಪ್ಪುವುದಿಲ್ಲ. ಅಷ್ಟೇ ನೀರನ್ನು ಎತ್ತಬೇಕಾದ್ದರಿಂದ ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಬಿಸಿಯಾಗುತ್ತದೆ. ಕರೆಂಟು ಕಡಿಮೆಯಾದಾಗಲೇ ಬ್ರೇಕರು ಏಕೆ ಬೀಳುತ್ತದೆ ಎಂದು ನನ್ನನ್ನು ಕೇಳಿದ ರೈತರು ಹಲವರು. ನನಗೂ ಅದನ್ನು ಹೇಳಿಕೊಟ್ಟದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಇತಿಹಾಸದಲ್ಲಿ ಬಹಳ ಹಿಂದಿದ್ದವನು, ಈಗ ವೈರಿಂಗ್ ಕೆಲಸ ಮಾಡುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತಂತಿಯನ್ನು ಕಾಪಾಡುವ ಕಥೆ. ಭಟ್ಕಳದ ಮಾವಿನಕುರ್ವೆಗೆ ಹೋಗಬೇಕಾದದ್ದು ಈಗ.

ಮಳೆಗಾಲದಲ್ಲಿ ಆ ಬಂದರಿನ ಚಿತ್ರವೇ ಬೇರೆ. ಈಗ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳು ಕಡಲಿಗಿಳಿಯುವಂತಿಲ್ಲ. ನಿಷೇಧದ ಅವಧಿ ಹಿಂದೆ ಬೇರೆಯಾಗಿದ್ದರೂ, ಮಳೆಗಾಲದಲ್ಲಿ ದೋಣಿಗಳು ದಡ ಸೇರುವ ಪದ್ಧತಿ ಹಳೆಯದು. ದೋಣಿ ದಡದಲ್ಲಿದ್ದಾಗಲೇ ಅದರ ರಿಪೇರಿ. ಹಲಗೆ ಕೊರೆಯಬೇಕು, ಚಕ್ರದ ಎಲೆಗಳನ್ನು ಉಜ್ಜಬೇಕು, ಬೆಸುಗೆ ಹಾಕಬೇಕು. ಕಡಲಿನಲ್ಲಿರುವಾಗ ದೋಣಿಗೆ ಬೇಕಾದ ಬೆಳಕನ್ನು ಅದರ ಎಂಜಿನ್ನೂ ಬ್ಯಾಟರಿಯೂ ಕೊಡುತ್ತವೆ. ದಡದಲ್ಲಿ ಎಂಜಿನ್ ತಣ್ಣಗಿರುವಾಗ ಶೆಡ್ಡಿನಿಂದ ತಂತಿ ಎಳೆಯಬೇಕು. ದೊಡ್ಡ ಹಡಗುಗಳ ಲೋಕದಲ್ಲಿ ಇದಕ್ಕೆ ದಡದ ವಿದ್ಯುತ್ತು ಎಂದು ಹೆಸರು. ಕಲ್ಲಿದ್ದಲಿನ ಕಾಲದಲ್ಲಿ ಬಂದರು ಸೇರಿದ ಹಡಗಿನ ಬೆಂಕಿ ಆರಿ, ಕಬ್ಬಿಣ ತಣ್ಣಗಾಗುತ್ತಿತ್ತಾದ್ದರಿಂದ ನಾವಿಕರು 'ತಣ್ಣನೆಯ ಕಬ್ಬಿಣ' ಎಂದೂ ಕರೆಯುತ್ತಿದ್ದರು. ಸ್ವೀಡನ್ನಿನ ಗೋಟೆನ್‌ಬರ್ಗ್ ಬಂದರಿನಲ್ಲಿ 2000ದಲ್ಲಿ ಹೆಚ್ಚಿನ ವೋಲ್ಟೇಜಿನ ದಡದ ವಿದ್ಯುತ್ತು ಬಂದಿತು. ಅಲಾಸ್ಕಾದ ಜೂನೋದಲ್ಲಿ 2001ರಲ್ಲಿ ಪ್ರವಾಸಿ ಹಡಗುಗಳು ಅಲ್ಲಿಯ ಜಲವಿದ್ಯುತ್ತಿಗೆ ತಂತಿ ಜೋಡಿಸಿಕೊಂಡವು. ನಮ್ಮ ಬಂದರಿನಲ್ಲಿ ದಡದ ವಿದ್ಯುತ್ತೆಂದರೆ ಒಂದು ಹಳದಿ ತಂತಿಯ ಸುರುಳಿ, ಒಂದು ಮರದ ಹಲಗೆ, ಅದರ ಮೇಲೊಂದು ಬ್ರೇಕರು.

1990ರ ದಶಕದ ಒಂದು ಜೂನ್ ತಿಂಗಳು. ಅಂಥದೊಂದು ಹಲಗೆಯ ಬ್ರೇಕರು ಬೆಳಿಗ್ಗೆಯಿಂದ ಬೀಳುತ್ತಲೇ ಇತ್ತು. ಉಜ್ಜುವ ಯಂತ್ರವನ್ನು ಹಾಕಿದರೆ ಸಾಕು, ಬೀಳುವುದು. ಎತ್ತಿದರೆ ಮತ್ತೆ ಬೀಳುವುದು. ಮಳೆಗಾಲ ಮುಗಿಯುವುದರೊಳಗೆ ಮುಗಿಸಬೇಕಾದ ಕೆಲಸ. ಕೂಲಿಗಳು ಸುಮ್ಮನೆ ಕುಳಿತಿದ್ದರು. ಕೊನೆಗೆ ಅಲ್ಲಿದ್ದ ಒಬ್ಬನಿಗೆ ಉಪಾಯ ಹೊಳೆಯಿತು. ಯಂತ್ರದ ತಂತಿಯೊಳಗೆ ಮೂರು ಎಳೆಗಳಿದ್ದವು. ಹಸಿರು ಎಳೆಯನ್ನು ಕತ್ತರಿಸಿ ಎಸೆದ. ಬ್ರೇಕರು ಬೀಳುವುದು ನಿಂತಿತು. ಎಲ್ಲರೂ ಮೆಚ್ಚಿದರು.

ನಡೆದದ್ದೇನೆಂದರೆ, ಯಂತ್ರದೊಳಗಿನ ಹೊದಿಕೆ ಹಾಳಾಗಿ ವಿದ್ಯುತ್ತು ಅದರ ಕಬ್ಬಿಣದ ಮೈಗೆ ತಾಗಿತ್ತು. ಹಸಿರು ಎಳೆ ಆ ಮೈಯನ್ನು ನೆಲದೊಡನೆ ಜೋಡಿಸಿದ್ದರಿಂದ ದೊಡ್ಡ ಪ್ರವಾಹ ನೆಲಕ್ಕೆ ಹರಿದು ಬ್ರೇಕರನ್ನು ಬೀಳಿಸುತ್ತಿತ್ತು. ಎಳೆಯನ್ನು ಕತ್ತರಿಸಿದ ಮೇಲೆ ಆ ವಿದ್ಯುತ್ತು ಅಲ್ಲಿಯೇ, ಯಂತ್ರದ ಮೈಮೇಲೆ, ದಾರಿ ಕಾಯುತ್ತ ನಿಂತಿತು. ಅದಕ್ಕೆ ದಾರಿಯಾದವನು ಹದಿನೇಳು ವರ್ಷದ ಹುಡುಗ. ಹಿಂದಿನ ವರ್ಷ ನನ್ನ ತರಗತಿಯಲ್ಲಿದ್ದವನು. ಒದ್ದೆ ಮರಳಿನ ಮೇಲೆ ಬರಿಗಾಲಿನಲ್ಲಿ ನಿಂತಿದ್ದ. ಯಂತ್ರ ಹಿಡಿದ ಕೈ ಬಿಡಲಿಲ್ಲ. ಕೂಗಲೂ ಆಗಲಿಲ್ಲವಂತೆ. ಒಬ್ಬ ಮುದುಕ, ದೋಣಿಯೊಳಗೆ ಒಣಗಿ ಬಿದ್ದಿದ್ದ ಹುಟ್ಟಿನಿಂದ ಅವನ ಮೊಣಕೈಗೆ ಬಲವಾಗಿ ಹೊಡೆದು ಯಂತ್ರವನ್ನು ಕೆಡವಿದ. ಹುಡುಗ ಉಳಿದ. ಬಲಗೈಯ ಎರಡು ಬೆರಳು ಇಂದಿಗೂ ಮಡಚುವುದಿಲ್ಲ. ನಾನು ನೋಡಲು ಹೋದಾಗ ಅವನು ಕೇಳಿದ ಪ್ರಶ್ನೆ ಒಂದೇ: 'ಸರ್, ಆಗ ಬ್ರೇಕರು ಏಕೆ ಬೀಳಲಿಲ್ಲ?'

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗಲೇ ಈ ಚರಿತ್ರೆ ನನಗೆ ದೊರೆತದ್ದು.

ಉತ್ತರ ಲೆಕ್ಕದಲ್ಲಿದೆ. ಒದ್ದೆ ಮೈಯ ಮನುಷ್ಯನ ಮೂಲಕ ನಮ್ಮ ಮನೆಯ 230 ವೋಲ್ಟಿಗೆ ಹರಿಯುವ ಪ್ರವಾಹ ಒಂದು ಆಂಪಿಯರಿನ ಹತ್ತನೆಯ ಒಂದು ಪಾಲಿನ ಆಸುಪಾಸಿನದು. ಹದಿನಾರು ಆಂಪಿಯರಿಗೆ ಕಾದು ಕುಳಿತ ಕಾವಲುಗಾರನಿಗೆ ಅದು ಒಂದು ಸಣ್ಣ ದೀಪ ಹೊತ್ತಿದಂತೆಯೇ ಸರಿ. ಮನುಷ್ಯ ಸಾಯುತ್ತಿರುವುದು ಅವನಿಗೆ ಕಾಣಿಸುವುದೇ ಇಲ್ಲ. ಎಷ್ಟು ಪ್ರವಾಹಕ್ಕೆ ಮನುಷ್ಯ ಹಿಡಿದ ಕೈಯನ್ನು ಬಿಡಲಾರ ಎಂಬುದನ್ನು ಅಮೆರಿಕದ ಬರ್ಕ್‌ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆಯೇ ಪ್ರಯೋಗ ಮಾಡಿ ಅಳೆದರು. ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ 10.5 ಮಿಲಿಆಂಪಿಯರ್. ಮಿಲಿ ಎಂದರೆ ಸಾವಿರದ ಒಂದು ಪಾಲು. ನಮ್ಮ ಹುಡುಗ ಯಂತ್ರವನ್ನು ಬಿಡದಿದ್ದುದು ಹೆದರಿಕೆಯಿಂದಲ್ಲ. ಬೆರಳಿನ ಸ್ನಾಯುಗಳು ಅವನ ಮಾತನ್ನು ಕೇಳುತ್ತಿರಲಿಲ್ಲ. ಬ್ರೇಕರಿನ ಮಿತಿಗೂ ಮನುಷ್ಯನ ಮಿತಿಗೂ ಸಾವಿರ ಪಟ್ಟು ಅಂತರ. ಎಡಿಸನ್ನನಿಂದ ಸ್ಟಾಟ್ಸನವರೆಗೆ ಯಾರೂ ದಾಟದೆ ಉಳಿದದ್ದು ಈ ಅಂತರ.

ಅದನ್ನು ದಾಟಿದ ಹೆಜ್ಜೆಗಳಲ್ಲೊಂದು ಬಿದ್ದದ್ದು ಚಿನ್ನದ ಗಣಿಯಲ್ಲಿ. ಭೂಮಿಯ ಆಳದಲ್ಲಿ, ನೀರು ಜಿನುಗುವ ಸುರಂಗಗಳಲ್ಲಿ ವಿದ್ಯುತ್ತನ್ನು ಮುಟ್ಟಿ ಸಾಯುವುದು ಸುಲಭ. ದಕ್ಷಿಣ ಆಫ್ರಿಕಾದ ಎಂಜಿನಿಯರ್ ಹೆನ್ರಿ ರೂಬಿನ್ 1955ರಲ್ಲಿ ಅಲ್ಲಿಯ ಗಣಿಗಳಿಗಾಗಿ ಹೊಸ ಬಗೆಯ ಬ್ರೇಕರನ್ನು ರೂಪಿಸಿದ. ಡಾಲ್ಜಿಯಲ್ 1961ರಲ್ಲಿ ತಾವು ಅಳೆದ ಮಿತಿಗೆ ಹೊಂದುವ ಸೂಕ್ಷ್ಮ ಯಂತ್ರವನ್ನು ಮಾಡಿದರು. ಕಬ್ಬಿಣದ ಬಳೆಯೊಂದಕ್ಕೆ ಸುರುಳಿ ಸುತ್ತಿ 1831ರಲ್ಲಿ ಫ್ಯಾರಡೆ ನೋಡಿದ ವಿದ್ಯೆಯೇ ಇವುಗಳ ಹೃದಯ.

ಅದರ ತಂತ್ರವನ್ನು ನಮ್ಮ ಬಂದರಿನ ಮಾತಿನಲ್ಲಿಯೇ ಹೇಳಬಹುದು. ಬೆಳಗಿನ ಜಾವ ಅಳಿವೆಯಿಂದ ನೂರು ದೋಣಿಗಳು ಹೊರಟವೆನ್ನಿ. ಸಂಜೆ ದಡದಲ್ಲಿ ನಿಂತವರು ಎಣಿಸುತ್ತಾರೆ. ನೂರೂ ಬಂದರೆ ಅವು ಎಷ್ಟು ದೂರ ಹೋಗಿದ್ದವು, ಎಷ್ಟು ಮೀನು ತಂದವು ಎಂಬುದು ಬೇರೆ ಮಾತು. ತೊಂಬತ್ತೊಂಬತ್ತೇ ಬಂದರೆ ಊರಿಗೆ ಊರೇ ದಂಡೆಗೆ ಓಡಿಬರುತ್ತದೆ. ಹೊಸ ಬ್ರೇಕರು ಮಾಡುವುದು ಇಷ್ಟೇ. ಮನೆಯೊಳಗೆ ಹೋಗುವ ತಂತಿ, ಹೊರಗೆ ಬರುವ ತಂತಿ, ಎರಡನ್ನೂ ಒಂದೇ ಬಳೆಯೊಳಗಿಂದ ಹಾಯಿಸಿದ್ದಾರೆ. ಹೋದದ್ದೆಲ್ಲ ಮರಳಿ ಬಂದರೆ ಬಳೆ ಸುಮ್ಮನಿರುತ್ತದೆ. 30 ಮಿಲಿಆಂಪಿಯರಿನಷ್ಟು ಮರಳದಿದ್ದರೆ, ಅದು ಯಾರದೋ ಮೈಯೊಳಗಿಂದ ನೆಲಕ್ಕೆ ಹೋಗಿರಬಹುದೆಂದು ಭಾವಿಸಿ, ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ನಷ್ಟವಾದ ಒಂದೇ ದೋಣಿಗಾಗಿ ಬಂದರನ್ನೆಲ್ಲ ಮುಚ್ಚುವ ಲೆಕ್ಕ ಅದರದು.

ಇಷ್ಟು ಸೂಕ್ಷ್ಮ ಕಾವಲಿಗೆ ಅದರದೇ ಆದ ಪೀಡೆಗಳೂ ಉಂಟು. ಮಳೆಗಾಲದ ತೇವದಲ್ಲಿ ಸಾಕಷ್ಟು ದಿನ ಬಳಸದೆ ಇಟ್ಟ ಗೀಸರಿನ ಕಾಯುವ ಕೊಳವೆ, ತನ್ನೊಳಗಿನ ಬಿಳಿಯ ಪುಡಿಯಲ್ಲಿ ನೀರಿನ ಪಸೆ ಹೀರಿಕೊಂಡಿರುತ್ತದೆ. ಹಾಕಿದೊಡನೆ ಬ್ರೇಕರು ಬೀಳುತ್ತದೆ. ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಸತ್ತ ಹಲ್ಲಿಯೂ ಇರುವೆಯ ಗೂಡೂ ಅಷ್ಟೇ ಸಾಕು. ಕಂಪ್ಯೂಟರಿನಂಥ ಉಪಕರಣಗಳು ಒಂದೊಂದೂ ಅತ್ಯಲ್ಪವಾಗಿ ಸೋರುತ್ತವೆ. ಹಲವು ಸೇರಿದರೆ ಮಿತಿ ತುಂಬುತ್ತದೆ. ಆಗ ಯಾವುದರ ತಪ್ಪೂ ಇಲ್ಲದೆ, ಎಲ್ಲದರ ತಪ್ಪೂ ಆಗಿ, ದೀಪ ಆರುತ್ತದೆ.

ದೋಣಿಗೆ ಈ ಪೀಡೆ ಇನ್ನೂ ಹೆಚ್ಚು. ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆಯ ಕಡ್ಡಿಗಳು ಹಸಿರುಗಟ್ಟಿ, ಸಂಪರ್ಕ ಕೆಟ್ಟು, ಬಿಸಿಯಾಗುವುದು ಒಂದು. ತೇವ ಹೊಕ್ಕ ಉದ್ದನೆಯ ತಂತಿಯ ಸೋರಿಕೆ ಇನ್ನೊಂದು. ಮೂರನೆಯದು ಮಾತ್ರ ಪಳಗಿದವರನ್ನೂ ಏಮಾರಿಸುವಂಥದು. ಸ್ವಂತ ಜನರೇಟರ್ ಇರುವ ದೋಣಿಯಲ್ಲಿ, ಪ್ರವಾಹ ಮರಳುವ ತಂತಿಯನ್ನೂ ನೆಲದ ತಂತಿಯನ್ನೂ ದೋಣಿಯೊಳಗೇ ಒಂದಾಗಿ ಕಟ್ಟಿರುತ್ತಾರೆ. ಕಡಲಿನಲ್ಲಿರುವಾಗ ಅದು ಸರಿಯೇ. ಆದರೆ ಆ ಗಂಟನ್ನು ಬಿಚ್ಚದೆ ದಡದ ತಂತಿಗೆ ಜೋಡಿಸಿದರೆ, ದಡದಿಂದ ಬಂದ ಪ್ರವಾಹಕ್ಕೆ ಮರಳಲು ಎರಡು ದಾರಿಗಳಾಗುತ್ತವೆ: ಅರ್ಧ ತಂತಿಯಿಂದ, ಅರ್ಧ ನೆಲದಿಂದ, ನೀರಿನಿಂದ. ದಡದ ಬಳೆಗೆ ಲೆಕ್ಕ ತಪ್ಪುತ್ತದೆ. ಯಂತ್ರಗಳೆಲ್ಲ ಸರಿಯಾಗಿಯೇ ಇರುತ್ತವೆ, ಬ್ರೇಕರು ಬೀಳುತ್ತಲೇ ಇರುತ್ತದೆ. ಆಗ ಹಸಿರು ಎಳೆಯನ್ನು ಕತ್ತರಿಸುವ ಮನಸ್ಸು ಯಾರಿಗೂ ಬರಬಹುದು. ಬಿಚ್ಚಬೇಕಾದದ್ದು ದೋಣಿಯೊಳಗಿನ ಗಂಟನ್ನು.

ಹೀಗೆ ನೀರಿಗೆ ಸೋರಿದ ವಿದ್ಯುತ್ತಿನ ಬಗ್ಗೆ ಕುರ್ವೆಯವರು ತಿಳಿಯಬೇಕಾದ ಒಂದು ಮಾತಿದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಅದು ಈಜುವವನಿಗೆ ಹೆಚ್ಚು ಅಪಾಯ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿಯಾದ್ದರಿಂದ ಅದು ನೀರಿನಲ್ಲಿಯೇ ಹಂಚಿಹೋಗುತ್ತದೆ. ಸಿಹಿನೀರಿನಲ್ಲಿ ಮನುಷ್ಯನ ಉಪ್ಪುಮೈಯೇ ಅದಕ್ಕೆ ಸಲೀಸಾದ ದಾರಿ. ನಮ್ಮ ಹೊಳೆಗಳ ಬಾಯಿ ಬೇಸಗೆಯಲ್ಲಿ ಉಪ್ಪು, ಆಷಾಢದ ನೆರೆಯಲ್ಲಿ ಸಿಹಿ. ದೋಣಿಗಳೆಲ್ಲ ದಡದಲ್ಲಿದ್ದು ತಂತಿಗಳೆಲ್ಲ ಹೊರಗೆ ಬಿದ್ದಿರುವುದೂ ಅದೇ ಆಷಾಢದಲ್ಲಿ.

ಇಷ್ಟಾಗಿಯೂ ಈ ಬಳೆಯ ಬ್ರೇಕರು ಬಡವರ ಮನೆಗೆ ತಡವಾಗಿಯೇ ಬಂದಿತು. 2010ರ ಕೇಂದ್ರ ಸುರಕ್ಷತಾ ನಿಯಮಗಳು ಸೋರಿಕೆ ತಡೆಯುವ ಸಾಧನವನ್ನು ಕಡ್ಡಾಯ ಮಾಡಿದವಾದರೂ, 250 ವೋಲ್ಟಿನೊಳಗಿನ, ಐದು ಕಿಲೋವ್ಯಾಟಿಗೆ ಕಡಿಮೆಯಾದ ಸಂಪರ್ಕಗಳಿಗೆ ವಿನಾಯಿತಿ ಕೊಟ್ಟವು. 2023ರಲ್ಲಿ ಅವುಗಳ ಜಾಗದಲ್ಲಿ ಬೇರೆ ನಿಯಮಗಳು ಬಂದವು. ಒದ್ದೆ ನೆಲ, ಬರಿಗಾಲು, ಹಳೆಯ ತಂತಿ ಇರುವುದು ಯಾವ ಮನೆಗಳಲ್ಲೋ ಆ ಮನೆಗಳೇ ಬಹುಕಾಲ ವಿನಾಯಿತಿಯ ಪಟ್ಟಿಯಲ್ಲಿದ್ದವು ಎಂಬುದು ನನಗೆ ಯಾವಾಗಲೂ ಒಂದು ಕಹಿಯಾದ ತಮಾಷೆಯಾಗಿಯೇ ಕಂಡಿದೆ.

ನನ್ನ ಮನೆಯದೂ ತಡವೇ. ಕಳೆದ ಮಳೆಗಾಲದಲ್ಲಿ ಅದು ಮೂರು ರಾತ್ರಿ ಬಿದ್ದಿತು. ನನ್ನ ಹಳೆಯ ವಿದ್ಯಾರ್ಥಿ, ಆ ವೈರಿಂಗ್ ಕೆಲಸದವನು, ಬಂದು ಎಲ್ಲ ಪ್ಲಗ್ಗುಗಳನ್ನು ಕಿತ್ತು ಒಂದೊಂದಾಗಿ ಹಾಕಿ ನೋಡಿದ. ಅಂಗಳದ ತುಳಸಿಕಟ್ಟೆಯ ದೀಪದ ತಂತಿಗೆ ನೀರು ಇಳಿದಿತ್ತು. ಅದನ್ನು ಸರಿಮಾಡಿ, ಪೆಟ್ಟಿಗೆ ಮುಚ್ಚುವ ಮೊದಲು ಬ್ರೇಕರಿನ ಮೂಲೆಯಲ್ಲಿದ್ದ ಒಂದು ಪುಟ್ಟ ಗುಂಡಿಯನ್ನು ತೋರಿಸಿದ. ಕಾವಲುಗಾರ ಎಚ್ಚರವಾಗಿದ್ದಾನೋ ಇಲ್ಲವೋ ಎಂದು ನೋಡಲು ಆಗಾಗ ಅದನ್ನು ಒತ್ತಬೇಕಂತೆ. 'ಹಾಕಿಸಿದ ಮೇಲೆ ಎಷ್ಟು ಸಲ ಒತ್ತಿದ್ದೀರಿ, ಸರ್?' ಎಂದು ಕೇಳಿದ. ಹಿಂದೆ ನಾನು ಅವನನ್ನು ಪಾಣಿಪತದ ಯುದ್ಧದ ವರ್ಷ ಕೇಳಿದಾಗ ಅವನು ನಿಲ್ಲುತ್ತಿದ್ದಂತೆಯೇ ಈಗ ನಾನು ನಿಂತೆ. ಆಮೇಲೆ ಒತ್ತಿದೆ. ಮನೆಯೆಲ್ಲ ಕತ್ತಲಾಯಿತು. ಹೊರಗೆ ಹೊಳೆಯ ಸದ್ದು ಒಮ್ಮೆಲೇ ದೊಡ್ಡದಾಗಿ ಕೇಳಿಸಿತು. ಒಳಗಿನಿಂದ ನನ್ನ ಹೆಂಡತಿ, ಮತ್ತೆ ಹೋಯಿತೇ ಎಂದು ಕೂಗಿ ಕೇಳಿದಳು.